ದೇವಿಮನೆ ಘಟ್ಟಕ್ಕೆ ಹೊಂದುವ ಕ್ಯಾಮ್

ಶಿರಸಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಬಂದವರಿಗೆಲ್ಲ "ಇಂಜಿನ್ ಹೇಗಿದೆಯೋ ಹಾಗೇ ಬಿಡಿ ಮಾರಾಯ್ರೇ" ಎನ್ನುವವನು, ನನ್ನ ಸ್ವಂತ ಬುಲೆಟ್ ಬಿಚ್ಚುವಾಗ ಮಾತ್ರ ಆ ಮಾತು ಮರೆತೆ. ಹಳೇ ಕ್ಯಾಸ್ಟ್ ಐರನ್ 350. ಸಿಲಿಂಡರಿನ ಅಗಲ, ಅಂದರೆ ಬೋರ್ 70 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್ 90, ಒಟ್ಟು 346 ಸಿಸಿ. ಹೇಗೂ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕಿತ್ತು, ಜೊತೆಗೇ ಒಂದು ಜೋಡಿ ರೇಸ್ ಕ್ಯಾಮ್ ಹಾಕಿಬಿಡೋಣ ಅನ್ನಿಸಿತು. ಕ್ಯಾಮ್ ಎಂದರೆ ತಿರುಗುತ್ತಾ ಇಂಜಿನ್ನಿನ ವಾಲ್ವ್ ತೆರೆದು ಮುಚ್ಚಿಸುವ ಮೊಟ್ಟೆಯಾಕಾರದ ತುಂಡು. ಪಾರ್ಸೆಲ್‌ನಲ್ಲಿ ತರಿಸಿದೆ. ಚೀಟಿಯಲ್ಲಿ ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ಡಿಗ್ರಿ ಇಲ್ಲ, ಎಷ್ಟು ಏಳುತ್ತದೆ ಎಂಬ ಲಿಫ್ಟ್ ಇಲ್ಲ. ಪವರ್ ಜಾಸ್ತಿ ಎಂದಷ್ಟೇ ಇತ್ತು. ಕೇಳಬೇಕಿತ್ತು, ಕೇಳಲಿಲ್ಲ. ಕ್ಯಾಮ್ ತಿರುಗಿಸುವ ಟೈಮಿಂಗ್ ಗೇರುಗಳ ಗುರುತಿಗೆ ಗುರುತು ಕೂಡಿಸಿ ಮುಚ್ಚಿದೆ.

ಸ್ಟ್ಯಾಂಡಿನ ಮೇಲೆ ಅದರ ಸದ್ದು ಕೇಳಿ ಬೀದಿಯ ಹುಡುಗರೆಲ್ಲ ಬಂದು ನಿಂತರು. ಬನವಾಸಿ ರಸ್ತೆಯಲ್ಲಿ ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗೇ ಎಳೆಯಿತು. ಮುಂದಿನ ವಾರ ಕುಮಟೆಯಲ್ಲಿ ಒಂದು ಮದುವೆ. ಊಟ ಮುಗಿಸಿ ಅಪ್ಪಯ್ಯನನ್ನು ಹಿಂದೆ ಕೂರಿಸಿಕೊಂಡು ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತತೊಡಗಿದೆ. ಮೊದಲಿನ ಕ್ಯಾಮ್ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವಿಗೆ ಎರಡನೆಯದು ಬೇಕಾಯಿತು, ಮುಂದಿನ ತಿರುವಿಗೆ ಒಂದನೆಯದು. ಥ್ರಾಟಲ್ ಕೊಟ್ಟರೆ ಕಾರ್ಬ್ಯುರೇಟರ್ ಕೆಮ್ಮುತ್ತದೆ. ಅಪ್ಪಯ್ಯ ಹೆಗಲ ಮೇಲೆ ಕೈಯಿಟ್ಟು, "ತಮಾ, ಆನು ಇಳ್ದು ದೂಡವಾ?" ಎಂದ.

ಮನೆಗೆ ಬಂದವನೇ, ವಾಲ್ವ್ ಯಾವಾಗ ತೆರೆದು ಯಾವಾಗ ಮುಚ್ಚುತ್ತದೆ ಎಂದು ಅಳೆಯಲು ಡಿಗ್ರಿ ಚಕ್ರ ಕಟ್ಟಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಚಕ್ರ ಎಂದರೆ ದೊಡ್ಡದೇನಲ್ಲ, 360 ಡಿಗ್ರಿ ಪ್ರಿಂಟ್ ಹಾಕಿಸಿ ತಗಡಿಗೆ ಅಂಟಿಸಿ, ಪಿಸ್ಟನ್ನಿಗೆ ಜೋಡಿಸಿದ ತಿರುಗುವ ದಂಡವಾದ ಕ್ರ್ಯಾಂಕಿಗೆ ಬಿಗಿದದ್ದು. ಪಿಸ್ಟನ್ನಿನ ತುತ್ತತುದಿ ಕಣ್ಣಳತೆಯಲ್ಲಿ ಸಿಗುವುದಿಲ್ಲ; ಅಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದು ಗೊತ್ತೇ ಆಗುವುದಿಲ್ಲ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಅದರೊಳಗೆ ಒಂದು ಬೋಲ್ಟ್ ಕೂರಿಸಿದೆ. ಅದನ್ನು ಪ್ಲಗ್ಗಿನ ಜಾಗದಲ್ಲಿ ಹಾಕಿ, ಕ್ರ್ಯಾಂಕನ್ನು ಮೆತ್ತಗೆ ಒಂದು ಕಡೆ ತಿರುಗಿಸಿ, ತಾಗಿದಲ್ಲಿ ಗುರುತು. ಇನ್ನೊಂದು ಕಡೆ ತಿರುಗಿಸಿ, ತಾಗಿದಲ್ಲಿ ಗುರುತು. ಎರಡರ ಸರಿ ನಡುವೆ ಟಾಪ್ ಡೆಡ್ ಸೆಂಟರ್, ಅಂದರೆ ಆ ತುತ್ತತುದಿ.

ಅಳೆದಾಗ ಗೊತ್ತಾಯಿತು. ಆ ಕ್ಯಾಮಿಗೆ, ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಲೆಟ್ ವಾಲ್ವ್ ಟಾಪಿಗೆ 50 ಡಿಗ್ರಿ ಮೊದಲೇ ತೆರೆದು, ಬಾಟಮ್ (ಪಿಸ್ಟನ್ ತೀರಾ ಕೆಳಗಿರುವ ಜಾಗ) ದಾಟಿದ 82 ಡಿಗ್ರಿಗೆ ಮುಚ್ಚುತ್ತಿತ್ತು. ನಡುವಿನ 180 ಸೇರಿ ಒಟ್ಟು 312 ಡಿಗ್ರಿ. ತೆಗೆದಿಟ್ಟಿದ್ದ ಹಳೇ ಕ್ಯಾಮ್ ಮತ್ತೆ ಕೂರಿಸಿ ನೋಡಿದರೆ 30 ಮತ್ತು 60, ಒಟ್ಟು 270. ಇದರಲ್ಲಿ ಮುಖ್ಯವಾದದ್ದು ಮುಚ್ಚುವ ಲೆಕ್ಕ. 60 ಡಿಗ್ರಿಗೆ ಮುಚ್ಚಿದರೆ ಅಷ್ಟರಲ್ಲಿ ಪಿಸ್ಟನ್ ಸುಮಾರು 18 ಮಿ.ಮೀ. ಮೇಲೆ ಬಂದಿರುತ್ತದೆ, 82ಕ್ಕೆ ಮುಚ್ಚಿದರೆ ಸುಮಾರು 33. ಅಂದರೆ 90 ಮಿ.ಮೀ. ಸ್ಟ್ರೋಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ವಾಲ್ವ್ ತೆರೆದಿರುವಾಗಲೇ ಕಳೆದುಹೋಯಿತು. ಇಂಜಿನ್ ಜೋರಾಗಿ ಓಡುವಾಗ ಒಳಬರುವ ಗಾಳಿಗೆ ವೇಗವಿರುತ್ತದೆ, ಪಿಸ್ಟನ್ ಮೇಲೇರುತ್ತಿದ್ದರೂ ನುಗ್ಗುತ್ತದೆ. ಘಟ್ಟದಲ್ಲಿ ಎರಡು ಸಾವಿರ ಆರ್‌ಪಿಎಂನಲ್ಲಿ ಆ ವೇಗ ಎಲ್ಲಿಂದ ಬರಬೇಕು? ಎಳೆದುಕೊಂಡದ್ದನ್ನು ಪಿಸ್ಟನ್ನೇ ವಾಪಸ್ ಕಾರ್ಬ್ಯುರೇಟರಿಗೆ ದೂಡುತ್ತದೆ. ಕೆಮ್ಮು ಅದೇ. ಮೇಲಾಗಿ ನನ್ನದು ಆರೂವರೆ ಕಂಪ್ರೆಶನ್ನಿನ ಇಂಜಿನ್, ಅಂದರೆ ಒಳಬಂದದ್ದನ್ನು ಆರೂವರೆಯಲ್ಲಿ ಒಂದು ಪಾಲಿಗೆ ಹಿಂಡುವಂಥದ್ದು; ಆ ಹಿಂಡುವಿಕೆ ಮೊದಲೇ ಕಡಿಮೆ.

ಹಾಗಾದರೆ ಜೋರಾಗಿ ಓಡಿಸು ಎನ್ನಬಹುದು. 90 ಮಿ.ಮೀ. ಸ್ಟ್ರೋಕಿನ ಪಿಸ್ಟನ್ 5,000 ಆರ್‌ಪಿಎಂಗೆ ಸೆಕೆಂಡಿಗೆ ಸರಾಸರಿ 15 ಮೀಟರ್ ಓಡುತ್ತದೆ, 6,000ಕ್ಕೆ 18. ಅಷ್ಟಕ್ಕೆ ಕನೆಕ್ಟಿಂಗ್ ರಾಡ್, ಬಿಗ್ ಎಂಡ್, ಸ್ಪ್ರಿಂಗ್ ಎಲ್ಲ ಬದಲಾಗಬೇಕು. ಅಡಿಕೆ ಮಾರಿದ ದುಡ್ಡು ಅಷ್ಟಕ್ಕೇ ಮುಗಿಯುತ್ತದೆ.

ಕೊನೆಗೆ ಮಾಡಿದ್ದು ಇಷ್ಟು. ಹಳೇ ಕ್ಯಾಮನ್ನೇ ಕೊಯಮತ್ತೂರಿನ ಒಂದು ಗ್ರೈಂಡಿಂಗ್ ಅಂಗಡಿಗೆ ಕಳಿಸಿದೆ. ಡಿಗ್ರಿ ಹೆಚ್ಚು ಮಾಡಬೇಡಿ, ಲಿಫ್ಟ್ ಮಾತ್ರ ಒಂದು ಮಿ.ಮೀ.ಗಿಂತ ತುಸು ಕಡಿಮೆ ಹೆಚ್ಚಿಸಿ ಎಂದು ಬರೆದು ಕೊಟ್ಟೆ. ಲೋಹ ಸೇರಿಸದೆ ಲಿಫ್ಟ್ ಹೆಚ್ಚಿಸುವುದೆಂದರೆ ಕ್ಯಾಮಿನ ಮೂಗನ್ನು (ವಾಲ್ವ್ ಎತ್ತುವ ಚೂಪು ಭಾಗ) ಬಿಟ್ಟು ಬೆನ್ನನ್ನು (ಉಳಿದ ದುಂಡು ಭಾಗ) ಸವೆಸುವುದು. ಆಳ ಸವೆಸಿದರೆ ಮೇಲಿನ ಗಟ್ಟಿ ಪದರವೇ ಹೋಗಿ ಒಳಗಿನ ಮೆತ್ತನೆ ಉಕ್ಕು ಸಿಗುತ್ತದೆ, ಆಮೇಲೆ ಕ್ಯಾಮಿನ ಮೇಲೆ ಉಜ್ಜುವ ಟ್ಯಾಪೆಟ್ ಅದನ್ನು ತಿಂದುಹಾಕುತ್ತದೆ. ಅದಕ್ಕೇ ದುರಾಸೆ ಪಡಲಿಲ್ಲ. ಕಂಪ್ರೆಶನ್ ಏಳೂವರೆಗೆ ಏರಿಸಿದೆ: 346 ಸಿಸಿಗೆ, ಪಿಸ್ಟನ್ ತುದಿಗೇರಿದಾಗ ಮೇಲೆ ಉಳಿಯುವ ಜಾಗ 63 ಸಿಸಿಯಿಂದ 53ಕ್ಕೆ ಇಳಿಯಬೇಕು. ಸ್ವಲ್ಪ ತಲೆ ಎತ್ತರದ ಪಿಸ್ಟನ್, ಉಳಿದದ್ದಕ್ಕೆ ಸಿಲಿಂಡರಿನ ಬುಡ ಒಂದು ಮಿ.ಮೀ. ಲೇತಿನಲ್ಲಿ ತೆಗೆಸಿದ್ದು. ಬೆನ್ನು ಸವೆದ ಕ್ಯಾಮಿಗೆ ಪುಶ್ ರಾಡ್ (ಟ್ಯಾಪೆಟ್ಟಿನ ಒತ್ತನ್ನು ಮೇಲೆ ವಾಲ್ವಿನ ಕಡೆ ಒಯ್ಯುವ ಕಡ್ಡಿ) ಗಿಡ್ಡವಾಗುತ್ತದೆ, ಇಳಿದ ಸಿಲಿಂಡರಿಗೆ ಉದ್ದವಾಗುತ್ತದೆ. ಒಂದಕ್ಕೊಂದು ಹೊಂದಿ, ಆ ಉದ್ದ ಸರಿಮಾಡುವ ಅಡ್ಜಸ್ಟರ್ ಹೆಚ್ಚುಕಡಿಮೆ ಹಳೇ ಜಾಗಕ್ಕೇ ಬಂತು. ಇದು ನನ್ನ ಜಾಣತನವಲ್ಲ, ಅದೃಷ್ಟ.

ವಾಲ್ವ್ ಪಿಸ್ಟನ್ನಿಗೆ ಹೊಡೆಯುತ್ತದೆಯೇ ನೋಡಲು ಹೆಂಡತಿಯ ಹತ್ತಿರ ಚಪಾತಿ ಹಿಟ್ಟು ಕೇಳಿದೆ. "ಗಾಡಿಗೂ ಊಟ ಆಗ್ಬೇಕನಾ?" ಎನ್ನುತ್ತಲೇ ನಿಂಬೆ ಗಾತ್ರದ ಉಂಡೆ ಕೊಟ್ಟಳು. ಎಣ್ಣೆ ಸವರಿ ಪಿಸ್ಟನ್ ಮೇಲೆ ತಟ್ಟಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಚ್ಚಿದೆ. ವಾಲ್ವ್ ಒತ್ತಿದ ಗುಳಿಯನ್ನು ಬ್ಲೇಡಿನಲ್ಲಿ ಕೊಯ್ದು ವರ್ನಿಯರ್ ಹಿಡಿದೆ. ಇನ್‌ಲೆಟ್ಟಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಇರಲೇಬೇಕೆಂಬುದು ನಾನಿಟ್ಟುಕೊಂಡ ಅಳತೆ. ಎರಡರಲ್ಲೂ ತುಸು ಹೆಚ್ಚೇ ಉಳಿದಿತ್ತು. ಸ್ಪ್ರಿಂಗ್ ಹಳೇ ಗಟ್ಟಿತನದ್ದೇ ಹೊಸದು ಹಾಕಿದೆ. ವಾಲ್ವ್ ಪೂರ್ತಿ ತೆರೆದಾಗಲೂ ಸುರುಳಿಗಳ ನಡುವೆ ಜಾಗ ಇರಬೇಕು, ಅದನ್ನೂ ನೋಡಿಕೊಂಡೆ. ಆಸೆಪಟ್ಟು ತಂದಿದ್ದ 30 ಮಿ.ಮೀ. ಕಾರ್ಬ್ಯುರೇಟರ್ ವಾಪಸ್ ಕೊಟ್ಟು 28ರದ್ದು ತಂದೆ. ಸೈಲೆನ್ಸರ್ ಮುಟ್ಟಲಿಲ್ಲ, ಅಪ್ಪಯ್ಯನ ಕಿವಿ, ಪೊಲೀಸರ ಕಿವಿ ಎರಡಕ್ಕೂ ಒಳ್ಳೆಯದು.

ಟ್ಯಾಪೆಟ್ ಹೊಂದಿಸಿದ್ದು ತಣ್ಣಗಿದ್ದಾಗ: ಪುಶ್ ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಕ್ಯಾಮಿಗೂ ಟ್ಯಾಪೆಟ್ಟಿಗೂ ಮಾಲಿಬ್ಡಿನಮ್ ಪೇಸ್ಟ್ ಬಳಿದು, ಸ್ಟಾರ್ಟ್ ಆದ ತಕ್ಷಣ ರಸ್ತೆಗಿಳಿಸಿದೆ. ಹೊಸ ಕ್ಯಾಮನ್ನು ಐಡ್ಲಿಂಗಿನಲ್ಲಿ ಬಿಟ್ಟರೆ ಎಣ್ಣೆ ಸಾಕಾಗುವುದಿಲ್ಲ, ನಿಂತಲ್ಲೇ ರೇಸ್ ಮಾಡಿದರೆ ಗಾಳಿಯಿಲ್ಲದೆ ಸಿಲಿಂಡರ್ ಕಾಯುತ್ತದೆ.

ಈಗ ದೇವಿಮನೆಯನ್ನು ಇಬ್ಬರು ಕೂತು ಮೂರನೇ ಗೇರಿನಲ್ಲೇ ಹತ್ತುತ್ತೇವೆ, ಎರಡು ತಿರುವು ಬಿಟ್ಟು. ಟೈಮಿಂಗ್ ಗೇರು ಮಾತ್ರ ಸಣ್ಣಗೆ ಕೊಂಯ್ ಎನ್ನುತ್ತದೆ, ಹಲ್ಲುಗಳ ನಡುವಿನ ಸಡಿಲ ಕಡಿಮೆಯಾಗಿರಬೇಕು. ಮಳೆಗಾಲ ಮುಗಿದ ಮೇಲೆ ಬಿಚ್ಚಬೇಕು.

ರೇಸ್ ಕ್ಯಾಮ್ ಗ್ರೀಸ್ ಹಚ್ಚಿ ಡಬ್ಬದಲ್ಲಿಟ್ಟಿದ್ದೇನೆ. ಮೊನ್ನೆ ಕಾರವಾರದಿಂದ ಒಬ್ಬ ಹುಡುಗ ಕೇಳಿಕೊಂಡು ಬಂದಿದ್ದ, ತಾನು ಹೈವೇಯಲ್ಲೇ ಓಡಿಸುವುದಂತೆ. "ಕಂಪ್ರೆಶನ್ ಎಷ್ಟಿದೆಯೋ?" ಎಂದೆ. "ಕಂಪನಿದೇ ಅಣ್ಣ." ಚಹಾ ಕುಡಿಸಿ, ಡಿಗ್ರಿ ಚಕ್ರ ಕೈಗೆ ಕೊಟ್ಟು, ಮೊದಲು ನಿನ್ನ ಹಳೇ ಕ್ಯಾಮ್ ಅಳೆದು ಬಾ ಎಂದು ಕಳಿಸಿದೆ. ಚಕ್ರ ಇನ್ನೂ ವಾಪಸ್ ಬಂದಿಲ್ಲ.