ಪೆಟ್ರೋಮ್ಯಾಕ್ಸ್ ಹಿಡಿದವನು ಯಾರು?

ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ಪ್ರಿಂಟು, ಲ್ಯಾಮಿನೇಶನ್, ಮದುವೆ ಕಾಗದ, ಅರ್ಜಿ ಟೈಪಿಂಗು, ಹೀಗೆ ದಿನ ಹೋಗುತ್ತದೆ. ಹಳೆ ಫೋಟೋಗಳ ಹುಚ್ಚು ನನಗೆ ಹತ್ತಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ತಿಥಿ ಊಟದಿಂದ. ಯಾರಾದರೂ ತೀರಿಕೊಂಡರೆ ಹೂವಿನ ಹಾರ ಹಾಕಲು ಒಂದು ದೊಡ್ಡ ಫೋಟೋ ಬೇಕಲ್ಲ. ಮನೆಯವರು ಯಾವುದೋ ಕಾಲದ ಗ್ರೂಪ್ ಫೋಟೋ ತಂದು, ‘ಇದರಲ್ಲಿ ಅಪ್ಪಯ್ಯನ ಮುಖವೊಂದು ತೆಗೆದುಕೊಡು’ ಅನ್ನುತ್ತಾರೆ. ನಾನು ಸ್ಕ್ಯಾನ್ ಮಾಡಿ, ಅಪ್ಪಯ್ಯನನ್ನು ಕತ್ತರಿಸಿ, ಹಿಂದೆ ನೀಲಿ ಬಣ್ಣ ಬಳಿದು ಕೊಡುತ್ತಿದ್ದೆ. ಉಳಿದವರೆಲ್ಲ ಸಂಜೆ ಅಂಗಡಿ ಮುಚ್ಚುವಾಗ ಡಿಲೀಟ್. ಹತ್ತು ವರ್ಷ ಹೀಗೇ ಅಳಿಸಿದ್ದೇನೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಮ್ಮ ಕಡೆ ‘ಮುಳುಗಡೆಯವರು’ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿ ಹೊಳೆಗೆ ಮೊದಲು ಮಡೇನೂರಿನಲ್ಲಿ ಕಟ್ಟೆ ಬಿತ್ತು, ಹಿರೇಭಾಸ್ಕರ ಅಣೆಕಟ್ಟೆ. ಜೋಗದ ವಿದ್ಯುತ್ ಯೋಜನೆಗೆಂದು ಅದು ಸಿದ್ಧವಾದದ್ದು 1948ರಲ್ಲಿ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು, ಮಡೇನೂರು ಕಟ್ಟೆಯೇ ಅದರ ಹೊಟ್ಟೆಯೊಳಗೆ ಹೋಯಿತು. 1819 ಅಡಿ ಅನ್ನುವುದು ಹೊರಗಿನವರಿಗೆ ಜಲಾಶಯದ ಗರಿಷ್ಠ ಮಟ್ಟ, ನಮ್ಮ ಹಿರಿಯರಿಗೆ ಅದರ ಕೆಳಗಿದ್ದ ಮನೆ, ತೋಟ, ಗದ್ದೆಗಳ ಲೆಕ್ಕ. ಮನೆ ಮುಳುಗಿ ಲಾರಿಗಳಲ್ಲಿ ಬಂದವರು ಶಿವಮೊಗ್ಗ, ಭದ್ರಾವತಿ, ಆನಂದಪುರದ ಸುತ್ತ ಕಾಡು ಕಡಿದು ಕೂತರು. ಹಕ್ಕುಪತ್ರದ ಜಗಳ ಇವತ್ತಿಗೂ ಮುಗಿದಿಲ್ಲ. ನನ್ನ ಅಂಗಡಿಯ ಅರ್ಧ ವ್ಯಾಪಾರ ಅದೇ ಕಾಗದಗಳ ಜೆರಾಕ್ಸಿನದು.

ಹಾಗೆ ಕಾಗದ ಜೆರಾಕ್ಸಿಗೆ ಬಂದ ಒಬ್ಬರ ಪ್ಲಾಸ್ಟಿಕ್ ಕವರಿನಿಂದ ಒಂದು ದಿನ ಚಿಕ್ಕ ಫೋಟೋ ಜಾರಿ ಬಿತ್ತು. ಅಂಗೈಗಿಂತ ಸಣ್ಣದು. ಏಳೆಂಟು ಹುಡುಗರು ಪಂಚೆ ಎತ್ತಿ ಕಟ್ಟಿ ನಿಂತಿದ್ದಾರೆ, ಬೆನ್ನ ಹಿಂದೆ ದೊಡ್ಡ ಬಾವಿಯಂಥ ದುಂಡಗಿನ ಕಟ್ಟಡಗಳ ಸಾಲು. ‘ಇದ್ಯಾವ ಜಾಗ?’ ಅಂದೆ. ‘ಯಾವುದೋ ಕೋಟೆ ಇರಬೇಕು’ ಅಂದರು ತಂದವರು. ಕೋಟೆಯಲ್ಲ. ಬೇಸಿಗೆಯಲ್ಲಿ ಹಿನ್ನೀರು ಪೂರ್ತಿ ಇಳಿದ ವರ್ಷ ಅದನ್ನು ನಾನೇ ಹೋಗಿ ನೋಡಿದ್ದೇನೆ. ಮಡೇನೂರು ಕಟ್ಟೆಯ ಸೈಫನ್‌ಗಳು, ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವಿನ್ಯಾಸ. ಕಟ್ಟೆ ತುಂಬಿದರೆ ಹೆಚ್ಚಿನ ನೀರು ತಾನಾಗಿ ಅವುಗಳೊಳಗೆ ಸುತ್ತಿ ಇಳಿದು ಹೊರಹೋಗುತ್ತಿತ್ತು. ಸೈಫನ್ ಹೊಸದರಂತೆ ಹೊಳೆಯುತ್ತಿದೆ, ಕಟ್ಟೆಯ ಮೇಲೆ ಜನ ಆರಾಮಾಗಿ ಓಡಾಡುತ್ತಿದ್ದಾರೆ ಅಂದಮೇಲೆ ಫೋಟೋ 1948ಕ್ಕೆ ಆಚೀಚೆಯಿಂದ 1964ರ ಒಳಗಿನದು. ಹಿಂದೆ ತಿರುಗಿಸಿದರೆ ಪೆನ್ಸಿಲಿನಲ್ಲಿ ‘2-4-0’ ಅಂತಿತ್ತು. ಸ್ಟುಡಿಯೋದವನ ಲೆಕ್ಕ, ಎರಡು ರೂಪಾಯಿ ನಾಲ್ಕಾಣೆ. ನಯೇಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಹಾಗಾದರೆ ಅದಕ್ಕೂ ಹಿಂದಿನದೇ ಇರಬೇಕು. ಅಂದು ಸಂಜೆ ಫೈಲು ಡಿಲೀಟ್ ಮಾಡಲು ಕೈ ಬರಲಿಲ್ಲ.

ಅಲ್ಲಿಂದ ಶುರುವಾಯಿತು. ಭಾನುವಾರ ಲ್ಯಾಪ್‌ಟಾಪು, ಚಪ್ಪಟೆ ಸ್ಕ್ಯಾನರು ಸ್ಕೂಟರಿನ ಮುಂದಿಟ್ಟುಕೊಂಡು ಹೊರಡುವುದು. ‘ಫೋಟೋ ಕೊಡಿ, ವಾಪಸ್ ತಂದುಕೊಡ್ತೇನೆ’ ಅಂದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಅವರ ಜಗುಲಿಯಲ್ಲೇ ಕೂತು, ಅವರ ಕಣ್ಣೆದುರಿಗೇ ಸ್ಕ್ಯಾನ್ ಮಾಡಿ, ಫೋಟೋ ಅವರ ಕೈಗೇ ಕೊಟ್ಟು ಏಳಬೇಕು. ಪೋಸ್ಟ್‌ಕಾರ್ಡ್ ಗಾತ್ರದ್ದಕ್ಕೆ 600 ಡಿಪಿಐ ಸಾಕು, ಅಂಗೈಯಗಲದ್ದಕ್ಕೆ 1200 ಇಡುತ್ತೇನೆ. ಚಿತ್ರದ ವಿವರ ಕಳೆಯದ ಟಿಫ್ ಫೈಲೇ ಆಗಬೇಕು. ಹಿಂಬದಿಯಲ್ಲಿ ಏನೂ ಬರೆದಿರದಿದ್ದರೂ ಅದನ್ನೂ ಸ್ಕ್ಯಾನ್ ಮಾಡುತ್ತೇನೆ, ಸ್ಟುಡಿಯೋ ಮುದ್ರೆಯ ಅರ್ಧ ಗುರುತು ಆಮೇಲೆ ಉಪಯೋಗಕ್ಕೆ ಬಂದದ್ದುಂಟು. ಮಳೆಗಾಲದಲ್ಲಿ ಈ ಕೆಲಸ ಮಾಡುವುದಿಲ್ಲ. ನಮ್ಮ ಮಳೆಗೆ ಫೋಟೋದ ಮೇಲ್ಪದರ ತೇವ ಎಳೆದುಕೊಂಡು ಅಂಟಂಟಾಗಿರುತ್ತದೆ, ಸ್ಕ್ಯಾನರಿನ ಗಾಜಿಗೆ ಕಚ್ಚಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಯುಗಾದಿವರೆಗೆ ನನ್ನ ಹಂಗಾಮು. ನಡುವೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ, ಹೋಗಿ ಕೂತರೆ ನಮಗೂ ಅಡಿಕೆ ಸುಲಿಯಲು ಹಚ್ಚುತ್ತಾರೆ.

ನಾನು ಮಾಡಿದ ಒಂದು ಪಾಪ ಹೇಳಲೇಬೇಕು. ಒಂದು ಮನೆಯಲ್ಲಿ ಅಜ್ಜ ಅಜ್ಜಿಯ ಫೋಟೋ, ಗಾಜು ಕಟ್ಟು ಹಾಕಿಸಿದ್ದು. ಗೋಡೆಯ ಪಸೆ ಹಿಡಿದು ಬೂಸ್ಟು ಬಂದಿತ್ತು. ಗಾಜಿನ ಹೊಳಪು ಬರುತ್ತದೆಂದು ಹಿಂದಿನ ಮೊಳೆ ಕಿತ್ತು ಫೋಟೋ ಎಳೆದೆ. ಒಂದು ಮೂಲೆ ಬಂತು, ಇನ್ನೊಂದು ಮೂಲೆ ಬಂತು. ನಡುವೆ ಸಣ್ಣಗೆ ‘ಚರ್’ ಅಂದಿತು. ಕೈಯಲ್ಲಿ ಬಿಳಿ ಕಾಗದ, ಅಜ್ಜಿಯ ಮುಖ ಗಾಜಿನ ಮೇಲೆ. ಅದು ಆ ಅಜ್ಜಿಯದು ಇದ್ದ ಒಂದೇ ಫೋಟೋ. ಸೊಸೆ ಏನೂ ಬೈಯಲಿಲ್ಲ, ಒಳಗೆ ಹೋಗಿ ಕಷಾಯ ತಂದಿಟ್ಟರು, ಬೈದಿದ್ದರೇ ವಾಸಿಯಿತ್ತು. ಈಗ ಗಾಜಿಗೆ ಹಿಡಿದದ್ದನ್ನು ಮುಟ್ಟುವುದಿಲ್ಲ. ಕಟ್ಟಿನ ಸಮೇತ ಕಿಟಕಿಯ ಪಕ್ಕದ ಬೆಳಕಿಗೆ ಇಟ್ಟು, ನಾನು ಕಪ್ಪು ಅಂಗಿ ಹಾಕಿಕೊಂಡು, ಕ್ಯಾಮೆರಾಕ್ಕೂ ಕಪ್ಪು ಬಟ್ಟೆ ಸುತ್ತಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯುತ್ತೇನೆ. ಗಾಜಿನಲ್ಲಿ ನಮ್ಮ ನೆರಳು ಮೂಡುವುದಿಲ್ಲ. ಬೂಸ್ಟಿರುವ ಫೋಟೋಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ ಅಂತಲೂ ಎಲ್ಲ ಮನೆಯಲ್ಲೂ ಹೇಳುತ್ತೇನೆ. ಕಾಗದದ ಲಕೋಟೆಯಲ್ಲಿ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಕವರು ಮಲೆನಾಡಿನಲ್ಲಿ ಒಳಗೇ ಬೆವರುತ್ತದೆ.

ಸ್ಕ್ಯಾನ್ ಮಾಡುವುದು ಸುಲಭದ ಭಾಗ. ಕೇಳುವುದು ಕಷ್ಟ. ಮೊದಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ‘ಇವರ್ಯಾರು?’ ಅಂತ ಕೇಳುತ್ತಿದ್ದೆ. ಜೋರು ದನಿಯ ಯಜಮಾನರು ಹೇಳಿದ್ದೇ ವೇದ, ಉಳಿದವರು ಹೂಂಗುಟ್ಟುತ್ತಿದ್ದರು. ಈಗ ಒಬ್ಬೊಬ್ಬರನ್ನೇ ಬೇರೆ ಕೇಳುತ್ತೇನೆ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತೇನೆ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದಿಡುತ್ತೇನೆ, ಯಾರು ಹೇಳಿದ್ದು ಅನ್ನುವುದರ ಸಮೇತ. ಅಡುಗೆಮನೆಗಂತೂ ಹೋಗಲೇಬೇಕು. ಮೂರು ಮನೆಗಳ ಮೂರು ಮದುವೆ ಫೋಟೋಗಳಲ್ಲಿ ಮದುಮಗಳ ಕೊರಳಲ್ಲಿ ಒಂದೇ ಕಾಸಿನ ಸರ ಕಂಡಿತು, ಒಂದು ಕಾಸು ಸೊಟ್ಟಗಾದದ್ದೂ ಒಂದೇ ಜಾಗದಲ್ಲಿ. ಇವರು ಅಕ್ಕತಂಗಿಯರು ಅಂತ ನಾನು ಪುಸ್ತಕದಲ್ಲಿ ಬರೆದೂ ಆಗಿತ್ತು. ನನ್ನ ಅಮ್ಮ ದೋಸೆ ಹೊಯ್ಯುತ್ತ ಒಂದು ಸಲ ನೋಡಿ, ‘ಅಕ್ಕತಂಗಿಯೂ ಅಲ್ಲ, ಎಂತದೂ ಅಲ್ಲ. ಆ ಸರ ಮೇಲಿನ ಮನೆಯವರದ್ದು. ಊರಲ್ಲಿ ಯಾರ ಮನೆ ಮದುವೆಗೂ ಅದೇ ಹೋಗ್ತಿತ್ತು’ ಅಂದಳು. ಮುಳುಗಡೆ ಆದಾಗ ಆ ಮನೆಯವರು ಒಂದು ದಿಕ್ಕಿಗೆ, ನಾವೊಂದು ದಿಕ್ಕಿಗೆ. ‘ನನ್ನ ಮದುವೆಗೆ ಸರ ಇರಲಿಲ್ಲ’ ಅಂತ ದೋಸೆ ಮಗುಚಿದಳು. ಅವಳ ಮದುವೆ ಆದದ್ದು ಇತ್ತ ಬಂದ ಮೇಲೆ.

ಒಂದು ವರ್ಷ ಕಳೆದ ಮೇಲೆ ನನ್ನ ಹಾರ್ಡ್‌ಡಿಸ್ಕ್ ತುಂಬ ಬರೀ ತೋಟದ ಮನೆಗಳವರ ಮುಖಗಳೇ ಇವೆ ಅನ್ನುವುದು ಹೊಳೆಯಿತು. ಕ್ಯಾಮೆರಾ ಕರೆಸುವ ತಾಕತ್ತು ಇದ್ದದ್ದು ಅವರಿಗೇ. ಮುಳುಗಿದ ಊರುಗಳಲ್ಲಿ ಗೇಣಿ ಮಾಡಿಕೊಂಡಿದ್ದ ದೀವರ ಸಮುದಾಯದ ಮನೆಗಳು ಎಷ್ಟೋ ಇದ್ದವು. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಇದೇ ತಾಲ್ಲೂಕಿನಲ್ಲಿ. ಆದರೆ ಆ ಮನೆಗಳಿಗೆ ಹೋಗಿ ಕೇಳಿದರೆ ‘ನಮ್ಮದೆಲ್ಲಿ ಫೋಟೋ ತಮಾ’ ಅನ್ನುತ್ತಿದ್ದರು. ಮೊದಲು ಸುಮ್ಮನೆ ವಾಪಸ್ ಬರುತ್ತಿದ್ದೆ. ಆಮೇಲೆ ಒಡೆಯರ ಮನೆಯ ಫೋಟೋಗಳನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿ ಅಲ್ಲಿಗೆ ಒಯ್ಯತೊಡಗಿದೆ. ಒಬ್ಬ ಅಜ್ಜ ಉಪನಯನದ ಫೋಟೋ ನೋಡುತ್ತ ವಟುವಿನ ಕಡೆ ಕಣ್ಣೇ ಹಾಯಿಸಲಿಲ್ಲ. ಅಂಗಳದ ಮೂಲೆಯಲ್ಲಿ ಬೋರಲು ಹಾಕಿದ್ದ ಕೊಳಗದ ಮೇಲೆ ಬೆರಳಿಟ್ಟರು. ಅವರಪ್ಪ ಭತ್ತ ಅಳೆದುಕೊಟ್ಟ ಕೊಳಗ ಅದು, ಲೆಕ್ಕಕ್ಕಿಂತ ಹೆಚ್ಚು ಹಿಡಿಸುತ್ತಿತ್ತಂತೆ. ಎಷ್ಟು ಹೆಚ್ಚು ಅನ್ನುವುದನ್ನು ಎರಡು ಬೊಗಸೆ ಕೂಡಿಸಿ ತೋರಿಸಿದರು. ಕಾಗೋಡಿನ ಜಗಳ ಹೊತ್ತಿಕೊಂಡದ್ದೂ ಕೊಳಗದ ಅಳತೆಯಿಂದಲೇ ಎಂದು ಓದಿದ್ದೆ. ಕೊಳಗ ಫೋಟೋದಲ್ಲಿ ಇದೆ ಅನ್ನುವುದು ಮಾತ್ರ ನನಗೆ ಕಂಡಿರಲಿಲ್ಲ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ನಡುವಿನಿಂದಲ್ಲ, ಅಂಚಿನಿಂದ ಕೇಳುತ್ತೇನೆ. ಬಾಗಿಲ ಸಂದಿಯಲ್ಲಿ ಇಣುಕುವವಳು ಯಾರು, ಚಪ್ಪರದ ಕಂಬಕ್ಕೆ ಒರಗಿದವನು ಯಾರು, ಹಿಂದಿನ ಗೋಡೆಯ ಮೇಲೆ ಹಸೆ ಚಿತ್ತಾರ ಬರೆದ ಕೈ ಯಾರದು.

ಒಂದು ಎಡವಟ್ಟೂ ಆಯಿತು. ಉತ್ಸಾಹದಲ್ಲಿ ಒಂದು ಮನೆಯೆದುರಿನ ಫೋಟೋವನ್ನು ಹೆಸರುಗಳ ಸಮೇತ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಎರಡೇ ದಿನದಲ್ಲಿ ದಾಯಾದಿಗಳಿಬ್ಬರು, ಪರಿಹಾರ ಬಂದದ್ದು ಯಾರ ಮನೆಗೆ ಎಂದು ಕಿತ್ತಾಡಿಕೊಂಡು ನನ್ನ ಅಂಗಡಿಗೇ ಬಂದರು. ಈಗ ಪ್ರತಿ ಮನೆಯಲ್ಲೂ ಒಂದು ಹಾಳೆಗೆ ಸಹಿ ತೆಗೆದುಕೊಳ್ಳುತ್ತೇನೆ: ಯಾರಿಗೆ ತೋರಿಸಬಹುದು, ಯಾರಿಗೆ ಬೇಡ, ಹೆಸರು ಹಾಕಬಹುದೇ. ಫೈಲು ಕಳಿಸುವಾಗ ‘ಡಾಕ್ಯುಮೆಂಟ್’ ಅಂತಲೇ ಕಳಿಸುತ್ತೇನೆ, ಇಲ್ಲದಿದ್ದರೆ ವಾಟ್ಸಾಪು ಹಿಂಡಿ ಸಿಪ್ಪೆ ಮಾಡಿ ಕೊಡುತ್ತದೆ. ಎಲ್ಲವೂ ಮೂರು ಕಡೆ ಇದೆ: ಅಂಗಡಿಯಲ್ಲಿ, ಮನೆಯಲ್ಲಿ, ಬೆಂಗಳೂರಿನ ತಂಗಿಯ ಹತ್ತಿರ.

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚನ್ನೂ ನಾನು ಒಂದಿಡೀ ದಿನ ನಿಂತು ಫೋಟೋ ತೆಗೆದಿಟ್ಟಿದ್ದೇನೆ, ಬಸ್ಸು ಹತ್ತಿಸುವುದು, ಹಗ್ಗ ಬಿಗಿಯುವುದು, ಎಲ್ಲ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆ ಆಯಿತಲ್ಲ. ಲಾಂಚಿಗೆ ತಾಸುಗಟ್ಟಲೆ ಕಾದು ಬೈದುಕೊಳ್ಳುತ್ತಿದ್ದವರೇ ಆ ಫೋಟೋ ಇದ್ದರೆ ಕೊಡು ಎಂದು ಈಗ ಕೇಳುತ್ತಿದ್ದಾರೆ.

ಪೆಟ್ರೋಮ್ಯಾಕ್ಸ್ ಫೋಟೋದ ಕತೆ ಹೇಳಿ ಮುಗಿಸುತ್ತೇನೆ. ರಾತ್ರಿ ಮದುವೆಯ ದಿಬ್ಬಣ. ನಡುವೆ ಪೇಟ ಸುತ್ತಿದ ಮದುಮಗ, ಸುತ್ತ ಕೋಟು ಹಾಕಿದ ನೆಂಟರು. ಎಡ ಅಂಚಿನಲ್ಲಿ ಬರಿ ಮೈಯ ಒಬ್ಬ ಪೆಟ್ರೋಮ್ಯಾಕ್ಸ್ ಎತ್ತಿ ಹಿಡಿದಿದ್ದಾನೆ. ಅಷ್ಟೂ ಜನರ ಮುಖಕ್ಕೆ ಬೆಳಕು ಬಿದ್ದದ್ದು ಅವನಿಂದ. ಅವನದು ಮಾತ್ರ ಮುಕ್ಕಾಲು ಮುಖ, ಒಂದು ಕಿವಿ ಚೌಕಟ್ಟಿನಾಚೆ ಹೋಗಿದೆ. ಮದುವೆ ಮನೆಯವರಿಗೆ ಹೆಸರು ಗೊತ್ತಿರಲಿಲ್ಲ. ನಾಲ್ಕಾರು ಊರು ತಿರುಗಿದ ಮೇಲೆ ಶಿವಮೊಗ್ಗದ ಹತ್ತಿರದ ಒಂದು ಮುಳುಗಡೆ ಕೇರಿಯಲ್ಲಿ ಹಿರಿಯ ಹೆಂಗಸೊಬ್ಬರು ಪ್ರಿಂಟನ್ನು ಬೆಳಕಿಗೆ ಹಿಡಿದು, ಕೈ ನೋಡಿ ಗುರುತಿಸಿದರು. ಕಿರುಬೆರಳು ಅರ್ಧ ಇಲ್ಲ, ಹಸಿಹುಲ್ಲು ಕೊಯ್ಯುವಾಗ ಹೋದದ್ದು. ಅವರಪ್ಪ. ಅಪ್ಪನ ಫೋಟೋ ಇದೆ ಅನ್ನುವುದೇ ಆ ಮನೆಗೆ ಗೊತ್ತಿರಲಿಲ್ಲ.

ಅವನೊಬ್ಬನನ್ನೇ ದೊಡ್ಡದು ಮಾಡಿ ಕೊಟ್ಟೆ. ಕಿವಿಯನ್ನೂ ಕೂರಿಸಿ ಕೊಡಿ ಅಂದ ಮೊಮ್ಮಗ. ನನ್ನಿಂದ ಆಗುವುದಿಲ್ಲ ಅಂದೆ. ಮುಂದಿನ ಸಲ ಹೋದಾಗ ಪೇಟೆಯ ಯಾವುದೋ ಸ್ಟುಡಿಯೋದಲ್ಲಿ ಮಾಡಿಸಿ ಗೋಡೆಗೆ ಹಾಕಿದ್ದರು. ಕಿವಿ ಎರಡೂ ಇವೆ, ಮೈಮೇಲೆ ಕರಿ ಕೋಟು, ಟೈ, ಹಿಂದೆ ಹಿಮದ ಗುಡ್ಡ. ಪೆಟ್ರೋಮ್ಯಾಕ್ಸ್ ಇಲ್ಲ. ‘ಅಪ್ಪ ಜನ್ಮದಲ್ಲಿ ಕೋಟು ಹಾಕಿದವನಲ್ಲ’ ಅಂದರು ಮಗಳು, ಸೆರಗಿನಿಂದ ಗಾಜು ಒರೆಸುತ್ತ. ಹಾರ ಹೊಸದಿತ್ತು. ನಾನು ಪುಸ್ತಕ ತೆಗೆದು ಆ ಫೋಟೋದ ನಂಬರಿನ ಕೆಳಗೆ ‘ಕೋಟಿನ ಪ್ರತಿ ಮಗಳ ಮನೆಯಲ್ಲಿ’ ಎಂದು ಬರೆದುಕೊಂಡೆ.