ಎಟ್ರುಸ್ಕನ್ ಶಾಸನ ಓದಲು ಕೂರುವವರಿಗೆ

ರೋಮನ್ನರು ಬಲಿಯುವ ಮೊದಲು ಇಟಲಿಯ ನಡುಭಾಗದಲ್ಲಿ ಬಾಳಿದ ಎಟ್ರುಸ್ಕನ್ ಜನರ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ ಎಂಬ ಮಾತು ನಮ್ಮ ಶಾಸನಾಸಕ್ತರ ಗುಂಪಿನಲ್ಲೂ ಆಗಾಗ ಕೇಳಿಬರುತ್ತದೆ. ಅದು ಸುಳ್ಳು. ಲಿಪಿ ಗ್ರೀಕರಿಂದ ಬಂದದ್ದು, ಒಂದು ವಾರ ಮನಸ್ಸಿಟ್ಟು ಕೂತರೆ ನಿಮಗೂ ಓದಲು ಬರುತ್ತದೆ. ತೊಡಕಿರುವುದು ಅರ್ಥದಲ್ಲಿ. ಸಿಕ್ಕಿರುವ ಶಾಸನಗಳು ಹತ್ತು ಸಾವಿರಕ್ಕೂ ಹೆಚ್ಚು, ಆದರೆ ಬಹುಪಾಲು ಗೋರಿಯ ಮೇಲಿನ ಹೆಸರುಗಳು. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಶಾಸನಶಾಸ್ತ್ರದ ಡಿಪ್ಲೊಮಾ ಮಾಡಿದವನು. ಮಗಳು ರೋಮಿನಲ್ಲಿ ಇರುವುದರಿಂದ ಈ ಹುಚ್ಚೂ ಹತ್ತಿತು.

ಮೊದಲು ಚೌಕುಳಿ ಪುಸ್ತಕ, ಪೆನ್ಸಿಲ್ ತೆಗೆದುಕೊಳ್ಳಿ. ಫೋಟೊ ಇದ್ದರೂ ಕೈಯಲ್ಲೇ ಬರೆದುಕೊಳ್ಳಿ. ಸಾಲುಗಳು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಓಡುತ್ತವೆ, ಅಕ್ಷರಗಳ ಮುಖವೂ ಎಡಕ್ಕಿರುತ್ತದೆ. ಫೋಟೊವನ್ನು ಫೋನಿನಲ್ಲಿ ಕನ್ನಡಿಯಂತೆ ತಿರುಗಿಸಿಕೊಂಡು ಓದುವ ಚಾಳಿ ಬೇಡ, ಕಣ್ಣು ಪಳಗುವುದಿಲ್ಲ. ಅಕ್ಷರಮಾಲೆಗೆ ಇಟಲಿಯ ಮಾರ್ಸಿಲಿಯಾನಾದಲ್ಲಿ ಸಿಕ್ಕ ಪುಟ್ಟ ದಂತದ ಹಲಗೆಯ ಚಿತ್ರ ಇಟ್ಟುಕೊಳ್ಳಿ. ಕ್ರಿ.ಪೂ. 7ನೆಯ ಶತಮಾನದ್ದು, ಅಂಚಿನ ಮೇಲೆ 26 ಅಕ್ಷರ ಕೊರೆದಿದ್ದಾರೆ. ಅವುಗಳಲ್ಲಿ ಬ, ದ, ಒ ಇವೆ, ಆದರೆ ಎಟ್ರುಸ್ಕನ್ನರು ಬರೆಯುವಾಗ ಬಳಸಲಿಲ್ಲ. ಕಲಿತ ಮಾಲೆಯನ್ನು ಹಾಗೇ ಉಳಿಸಿಕೊಂಡರು, ಅಷ್ಟೆ. 8ರ ಆಕಾರದ ಗುರುತು ಕಂಡರೆ ಅದು ಫ. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಜಾಗವಿಲ್ಲ, ಆಮೇಲಿನವುಗಳಲ್ಲಿ ಚುಕ್ಕಿ ಇಡುತ್ತಾರೆ. ಹೊಸಬರು ಚುಕ್ಕಿ ಇರುವುದನ್ನೇ ಆರಿಸಿಕೊಳ್ಳಿ.

ಈಗ ಒಂದು ಗೋರಿ ಶಾಸನ ಹಿಡಿಯೋಣ. ತಾರ್ಕ್ವಿನಿಯಾ ಊರಿನ ಪಾರ್ತುನು ಮನೆತನದ್ದು: "ಪಾರ್ತುನುಸ್ ವೆಲ್ ವೆಲ್ಥುರುಸ್ ಶತ್ಲ್ನಲ್ಕ್ ರಮ್ಥಸ್ ಕ್ಲನ್ ಅವಿಲ್ಸ್", ಆಮೇಲೆ ಅಂಕಿ, ಕೊನೆಗೆ "ಲುಪು".

ಹೆಸರುಗಳನ್ನು ಮೊದಲು ಗುರುತು ಮಾಡಿ. ವೆಲ್, ವೆಲ್ಥುರ್, ರಮ್ಥ ಇವು ನೂರಾರು ಕಡೆ ಬರುವ ಹೆಸರುಗಳು. ಆಮೇಲೆ ಬಾಲ ನೋಡಿ. ಕನ್ನಡದವರಿಗೆ ಇದು ಸುಲಭ, ಪ್ರತ್ಯಯ ಅಂಟಿಸುವ ಭಾಷೆ ನಮ್ಮದೂ ಹೌದಲ್ಲ. ಸ್ ಅಥವಾ ಅಲ್ ಅಂಟಿದರೆ ಷಷ್ಠಿ: ವೆಲ್ಥುರುಸ್ ಎಂದರೆ ವೆಲ್ಥುರನ. ಶತ್ಲ್ನಲ್ಕ್ ಎಂಬುದರ ತುದಿಯ ಕ್ "ಮತ್ತು" ಎನ್ನುವುದಕ್ಕೆ. ಕ್ಲನ್ ಮಗ, ಅವಿಲ್ ವರ್ಷ, ಲುಪು ಸತ್ತ. ಅಂಕಿಯಲ್ಲಿ ಹತ್ತರ ಕತ್ತರಿ ಗುರುತು (X) ಎರಡು, ಆಮೇಲೆ ಎರಡು ಗೀಟು, ಮತ್ತೊಂದು ಕತ್ತರಿ. ಕತ್ತರಿಗಿಂತ ಮೊದಲು ಬಂದ ಗೀಟುಗಳನ್ನು ಅದರಿಂದ ಕಳೆಯಬೇಕು. ಹತ್ತು, ಹತ್ತು, ಎಂಟು. ವೆಲ್ಥುರ ಮತ್ತು ಶತ್ಲ್ನೆಇ ಮನೆತನದ ರಮ್ಥಳ ಮಗ ವೆಲ್ ಪಾರ್ತುನು 28ನೆಯ ವಯಸ್ಸಿಗೆ ತೀರಿಕೊಂಡ.

ಇಲ್ಲಿ ತುಸು ನಿಲ್ಲಿ. ತಾಯಿಗೆ ಅವಳದೇ ಹೆಸರಿದೆ, ಅವಳ ತವರಿನ ಹೆಸರೂ ಇದೆ. ರೋಮಿನ ಹೆಣ್ಣುಮಕ್ಕಳನ್ನು ಸಾಮಾನ್ಯವಾಗಿ ಅಪ್ಪನ ಕುಲದ ಹೆಸರಿನಿಂದಲೇ ಕರೆಯುತ್ತಿದ್ದರು. ನಮ್ಮ ವೀರಗಲ್ಲುಗಳಲ್ಲಿ ಸತ್ತವನ ಮಡದಿ, ತಾಯಿಯ ಹೆಸರು ಹುಡುಕಿ ಸುಸ್ತಾದವನಿಗೆ ಈ ರಮ್ಥ ಎಂಬ ಹೆಸರು ಕಂಡಾಗ ಆದ ಖುಷಿ ಬೇರೆ.

ಇಷ್ಟು ಅರ್ಥ ಯಾರಿಗೆ ಹೇಗೆ ತಿಳಿಯಿತು? ಒಂದೇ ಪದ ಬರುವ ಹತ್ತಾರು ಶಾಸನಗಳನ್ನು ಪಕ್ಕಪಕ್ಕ ಇಟ್ಟು. ಗೋರಿಗಳಲ್ಲಿ ಹೆಸರುಗಳ ಆಚೆ ಸದಾ ಕ್ಲನ್ ಬಂದರೆ ಅದು ಸಂಬಂಧವಾಚಕ, ಅಂಕಿಯ ಹತ್ತಿರ ಸದಾ ಅವಿಲ್ಸ್ ಬಂದರೆ ವಯಸ್ಸಿನ ಮಾತು. ಲ್ಯಾಟಿನ್ ಜೊತೆಗಿರುವ ದ್ವಿಭಾಷಾ ಶಾಸನಗಳು ಸುಮಾರು ಮೂವತ್ತು ಮಾತ್ರ, ಅವೂ ತುಂಡು ತುಂಡು. 1964ರಲ್ಲಿ ರೋಮಿಗೆ ಹತ್ತಿರದ ಪಿರ್ಜಿ ಬಂದರಿನಲ್ಲಿ, ಇಟಲಿಯ ಪುರಾತತ್ತ್ವಜ್ಞ ಮಾಸ್ಸಿಮೊ ಪಲ್ಲೊತ್ತಿನೊ ಅವರ ಉತ್ಖನನದಲ್ಲಿ, ಮೂರು ಬಂಗಾರದ ತಗಡು ಸಿಕ್ಕವು. ಎರಡು ಎಟ್ರುಸ್ಕನ್, ಒಂದು ವಿದ್ವಾಂಸರಿಗೆ ಅರ್ಥ ಗೊತ್ತಿರುವ ಫಿನೀಷಿಯನ್ ಭಾಷೆಯದು. ಕೈರೆ ಎಂಬ ಎಟ್ರುಸ್ಕನ್ ಪಟ್ಟಣದ ಅರಸ ಥೆಫಾರಿಯೆ ವೆಲಿಯಾನಸ್ ದೇವಿ ಊನಿಗೆ, ಫಿನೀಷಿಯನ್ನಿನಲ್ಲಿ ಅವರ ದೇವಿ ಅಸ್ಟಾರ್ಟೆಗೆ, ಕೊಟ್ಟ ಕಾಣಿಕೆಯ ವಿಷಯ. ಆದರೆ ಒಂದು ಇನ್ನೊಂದರ ಪದಶಃ ಅನುವಾದವಲ್ಲ. ದೊಡ್ಡ ಲಾಭವೆಂದರೆ "ಕಿ ಅವಿಲ್" ಎಂಬಲ್ಲಿ ಫಿನೀಷಿಯನ್ ತಗಡು ಮೂರನೆಯ ವರ್ಷ ಎನ್ನುತ್ತದೆ, ಕಿ ಮೂರು ಎಂಬುದು ಗಟ್ಟಿಯಾಯಿತು. ಚುಕ್ಕಿಯ ಬದಲು ಸಂಖ್ಯಾಪದಗಳನ್ನೇ ಬರೆದ ಒಂದು ಜೊತೆ ದಾಳಗಳು ಪ್ಯಾರಿಸ್ಸಿನಲ್ಲಿವೆ. ಅವುಗಳ ಹುಥ್ ನಾಲ್ಕೋ ಆರೋ, ಶ ಆರೋ ನಾಲ್ಕೋ ಎಂಬ ಜಗಳ ಬಹಳ ಕಾಲದ್ದು. ಎದುರುಬದುರು ಮುಖ ಕೂಡಿಸಿದರೆ ಏಳು ಬರಬೇಕೆಂಬ ಲೆಕ್ಕ ಹಿಡಿದು, ಹುಥ್ ಆರು ಎನ್ನುವವರ ಪಕ್ಷ ನಾನು.

ಒಂದು ಎಚ್ಚರಿಕೆ. ಸದ್ದು ಹೋಲುತ್ತದೆಂದು ಕನ್ನಡ ಪದ ತಂದು ಜೋಡಿಸಬೇಡಿ. ಕ್ಲನ್ ಬಹುವಚನದಲ್ಲಿ ಕ್ಲೆನರ್, ಚತುರ್ಥಿಯಂಥ ರೂಪದಲ್ಲಿ ಕ್ಲೆನರಸಿ. ಆ "ಅರ್" ಕಂಡೊಡನೆ ನಮ್ಮ "ಅವರ್" ಎಂದು ಕುಣಿಯಬೇಕೆನಿಸುತ್ತದೆ. 1904ರಲ್ಲೇ ನಾರ್ವೆಯ ವಿದ್ವಾಂಸ ಸ್ಟೆನ್ ಕೊನೋ ಎಟ್ರುಸ್ಕನ್ ಮತ್ತು ದ್ರಾವಿಡದ ನಂಟಿನ ಬಗ್ಗೆ ಲೇಖನ ಬರೆದಿದ್ದರು, ಅದು ನಿಲ್ಲಲಿಲ್ಲ. ನಂಟು ಇರುವುದು ಆಲ್ಪ್ಸ್ ಕಡೆಯ ರೇಟಿಕ್ ಎಂಬ ಹಳೆಯ ಭಾಷೆಯ ಜೊತೆಗೆ, ಗ್ರೀಸಿನ ಲೆಮ್ನೋಸ್ ದ್ವೀಪದ ಕಲ್ಲಿನ ಭಾಷೆಯ ಜೊತೆಗೆ. ಕನ್ನಡದ ಅನುಭವ ವ್ಯಾಕರಣದ ಹದ ಹಿಡಿಯಲು ಸಾಕು, ನಿಘಂಟಿಗೆ ಬೇಡ.

ಗೋರಿಯ ಮೇಲೆ ಕೈ ಕುದುರಿದ ಮೇಲೆ ಪೆರುಜಿಯಾದ ಕಲ್ಲಿಗೆ ಬನ್ನಿ. 1822ರಲ್ಲಿ ಸಿಕ್ಕದ್ದು, ಎರಡು ಮುಖಗಳಲ್ಲಿ 46 ಸಾಲು. ವೆಲ್ಥಿನ, ಅಫುನ ಎಂಬ ಎರಡು ಮನೆತನಗಳ ನಡುವಿನ ಜಮೀನಿನ ವ್ಯವಹಾರ ಎಂಬುದು ವಿದ್ವಾಂಸರ ಅಭಿಪ್ರಾಯ. ಈ ಹೆಸರುಗಳು ಬಂದಲ್ಲೆಲ್ಲ ಕೆಂಪು ಪೆನ್ಸಿಲ್ ಆಡಿಸಿ. "ತುಲರು" ಎಂಬಲ್ಲಿ ತುಲರ್ ಇದೆ, ಎಲ್ಲೆ ಎಂದರ್ಥ. "ನಪೆರ್" ಮುಂದೆ 12 ಎಂಬ ಅಂಕಿ ಇರುವುದರಿಂದ ಅದು ಯಾವುದೋ ಅಳತೆ ಇರಬೇಕು. ಅದನ್ನು ಎಕರೆ, ಗುಂಟೆ ಎಂದು ಬರೆಯದೆ ನಪೆರ್ ಎಂದೇ ಬಿಡಿ. ಕೊನೆಯಲ್ಲಿ "ಜಿಖುಖೆ" ಇದೆ, ಬರೆಯಲಾಯಿತು ಎಂದು. ನಡುವೆ ಬಿಟ್ಟ ಪದಗಳೇ ಪುಟದಲ್ಲಿ ಹೆಚ್ಚಾಗಿರುತ್ತವೆ, ಅವಕ್ಕೆ ಪೆನ್ಸಿಲ್ಲಿನಲ್ಲಿ ಅಡಿಗೆರೆ ಹಾಕಿ, ಅದೇ ಪದ ಬೇರೆ ಶಾಸನದಲ್ಲಿ ಎದುರಾದಾಗ ಪಕ್ಕದಲ್ಲಿ ಅದರ ಊರು, ಸಾಲಿನ ಸಂಖ್ಯೆ ಬರೆದಿಡಿ.