ಟರ್ಮಿನಲ್ ಎಮ್ಯುಲೇಟರ್‌ನಲ್ಲಿ ಎಸ್ಕೇಪ್ ಸೀಕ್ವೆನ್ಸ್ ಕೆಟ್ಟರೆ ಎಲ್ಲಿಂದ ಹುಡುಕೋದು

ಟರ್ಮಿನಲ್ ಎಮ್ಯುಲೇಟರ್ ಅಂದರೆ ಕಮಾಂಡ್ ಕೊಟ್ಟು ಕೆಲಸ ಮಾಡುವ ಪಠ್ಯದ ಪರದೆ; 'ಬಣ್ಣ ಬದಲಿಸು', 'ಕರ್ಸರ್ ಸರಿಸು' ಅಂತ ಪ್ರೋಗ್ರಾಂ ಅದಕ್ಕೆ ಕಳಿಸುವ ಬೈಟ್‌ಗಳ ಸಾಲೇ ಎಸ್ಕೇಪ್ ಸೀಕ್ವೆನ್ಸ್. ನೀವು ಬರೆದ ಎಮ್ಯುಲೇಟರ್‌ನಲ್ಲಿ ಕೆಂಪು ಬಣ್ಣ ಬರಬೇಕಾದ ಕಡೆ [31ಎಂ ಅಂತ ಕಸ ಕಾಣಿಸುತ್ತಿದೆಯಾ? ತಕ್ಷಣ ಪಾರ್ಸರ್ (ಈ ಸೀಕ್ವೆನ್ಸ್‌ಗಳನ್ನು ಬಿಡಿಸಿ ಓದುವ ಭಾಗ) ಕೋಡ್ ತೆರೆಯಬೇಡಿ. ಪ್ರೋಗ್ರಾಂ ನಿಜವಾಗಿ ಏನು ಕಳಿಸಿತು ಅಂತ ಮೊದಲು ನೋಡಿ.

ಲಿನಕ್ಸ್‌ನಲ್ಲಿ 'ಸ್ಕ್ರಿಪ್ಟ್' ಕಮಾಂಡ್ ಕೊಟ್ಟು, ತೊಂದರೆ ಮಾಡುವ ಪ್ರೋಗ್ರಾಂ ಓಡಿಸಿ, ಎಕ್ಸಿಟ್ ಆಗಿ. ಅದು ಕಳಿಸಿದ್ದೆಲ್ಲ 'ಟೈಪ್‌ಸ್ಕ್ರಿಪ್ಟ್' ಅನ್ನುವ ಫೈಲಿನಲ್ಲಿ ಕೂತಿರುತ್ತದೆ. ಅದನ್ನು 'ಹೆಕ್ಸ್‌ಡಂಪ್ -ಸಿ' (ಕ್ಯಾಪಿಟಲ್ ಸಿ) ಹಾಕಿ ಓದಿ, ಪ್ರತಿ ಬೈಟ್ ಹೆಕ್ಸ್ ಅಂಕಿಯಲ್ಲಿ (16ರ ಲೆಕ್ಕದಲ್ಲಿ) ಕಾಣುತ್ತದೆ. 1ಬಿ ಅಂದರೆ ಎಸ್ಕೇಪ್. ಅದರ ಬೆನ್ನಿಗೇ 5ಬಿ ಬಂದರೆ ಸಿಎಸ್ಐ (ಬಣ್ಣ, ಕರ್ಸರ್ ಇತ್ಯಾದಿ ಆಜ್ಞೆ) ಶುರು, ಆಮೇಲೆ ಅಂಕಿ, ಸೆಮಿಕೋಲನ್ ಎಲ್ಲ ದಾಟಿ 40ರಿಂದ 7ಇ ಒಳಗಿನ ಬೈಟ್ ಒಂದು ಬಂದಾಗ ಅದು ಮುಗಿಯಿತು. ಫೈಲಿನಲ್ಲೇ 1ಬಿ ಇಲ್ಲವಾ? ಹಾಗಾದರೆ ನಿಮ್ಮ ಪಾರ್ಸರ್ ಮೇಲೆ ಸುಮ್ನೆ ಅನುಮಾನ ಬೇಡ, ಕಳಿಸುವ ಕಡೆ ಹುಡುಕಿ.

ಬೈಟ್ ಸರಿ ಇದ್ದೂ ಕಸ ಬರುತ್ತಿದ್ದರೆ, ಅದೂ ಒಮ್ಮೊಮ್ಮೆ ಮಾತ್ರ ಬರುತ್ತಿದ್ದರೆ, ಸೀಕ್ವೆನ್ಸ್ ಎರಡು ರೀಡ್‌ಗಳ (ಬೈಟ್ ಓದುವ ಸರದಿಗಳ) ನಡುವೆ ತುಂಡಾಗುತ್ತಿರುವ ಸಾಧ್ಯತೆ ಜಾಸ್ತಿ. ಮೊದಲ ರೀಡ್‌ನಲ್ಲಿ ಎಸ್ಕೇಪ್ ಮಾತ್ರ ಬಂತು, ಮುಂದಿನದರಲ್ಲಿ [31ಎಂ ಬಂತು, ಅಷ್ಟರಲ್ಲಿ ನಿಮ್ಮ ಪಾರ್ಸರ್ ಹಿಂದಿನದನ್ನು ಮರೆತು ಹೊಸದಾಗಿ ಶುರು ಮಾಡಿತ್ತು. ಪತ್ತೆ ಮಾಡೋದು ಸುಲಭ: ಅದೇ ಫೈಲನ್ನು ಒಮ್ಮೆ ಇಡಿಯಾಗಿ, ಒಮ್ಮೆ ಒಂದೊಂದೇ ಬೈಟ್ ಆಗಿ ಪಾರ್ಸರ್‌ಗೆ ಕೊಡಿ. ಕೊನೆಯ ಪರದೆ ಎರಡರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಪಾರ್ಸರ್‌ನ ಸ್ಟೇಟ್ (ಎಲ್ಲಿವರೆಗೆ ಓದಿದೆ ಅನ್ನುವ ನೆನಪು) ರೀಡ್ ಫಂಕ್ಷನ್ ಒಳಗೆ ಲೋಕಲ್ ವೇರಿಯಬಲ್ ಆಗಿದೆಯಾ ನೋಡಿ, ಹೊರಗೆ ತನ್ನಿ. ಈ ಟೆಸ್ಟನ್ನು ಶಾಶ್ವತವಾಗಿ ಇಟ್ಟುಕೊಳ್ಳಿ.

ಈಗ ಕನ್ನಡದವರಿಗೆ ಕಾಡುವ ಬಗ್. ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯುನಿಕೋಡ್‌ನಲ್ಲಿ ಒಂದು ಅಕ್ಷರ ಅಥವಾ ಚಿಹ್ನೆಯ ಸಂಖ್ಯೆ) ಯುಟಿಎಫ್-8ರಲ್ಲಿ, ಅಂದರೆ ಅದನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ, 3 ಬೈಟ್. ಛ ಅಕ್ಷರ ಇ0 ಬಿ2 9ಬಿ. ಆ ಕೊನೆಯ 9ಬಿ ಹಳೆಯ 8 ಬಿಟ್ ಪದ್ಧತಿಯಲ್ಲಿ ಒಂದೇ ಬೈಟಿನ ಸಿಎಸ್ಐ! ಝ ಕೊನೆಗೆ 9ಡಿ, ಅದು ಓಎಸ್‌ಸಿ (ವಿಂಡೋ ಶೀರ್ಷಿಕೆ ಬದಲಿಸುವಂಥ ಆಜ್ಞೆ) ಶುರು ಮಾಡುತ್ತದೆ, ಅಂದರೆ ಮುಂದಿನ ಪಠ್ಯ ನುಂಗಿಹೋಗಬಹುದು. ಹಲಂತದ ಚಿಹ್ನೆಯದ್ದು ಇನ್ನೂ ತಮಾಷೆ, ಅದು ಇ0 ಬಿ3 8ಡಿ, ಮತ್ತು 8ಡಿ ಅಂದರೆ ಕರ್ಸರನ್ನು ಒಂದು ಸಾಲು ಮೇಲಕ್ಕೆ ಒಯ್ಯಿ ಅಂತ. ಹಾಗಾಗಿ ಒತ್ತಕ್ಷರ ಬಂದಾಗಲೆಲ್ಲ ಬರಹ ಮೇಲೆ ಹಾರುತ್ತಿದ್ದರೆ, ನಿಮ್ಮ ಕೋಡ್ ಯುಟಿಎಫ್-8 ಬಿಡಿಸುವ ಮೊದಲೇ ಬೈಟ್‌ಗಳನ್ನು ಕಂಟ್ರೋಲ್ ಅಂತ ಓದುತ್ತಿದೆ. ಮೊದಲು ಡೀಕೋಡ್, ಆಮೇಲೆ ಪಾರ್ಸರ್. ಬರೀ ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡಿದರೆ ಇದು ಕಾಣೋದೇ ಇಲ್ಲ ಅಲ್ವಾ?

ಗೊತ್ತಿಲ್ಲದ ಸೀಕ್ವೆನ್ಸ್ ಬಂದರೆ ಪರದೆಗೆ ಸುರಿಯಬೇಡಿ, ಕೊನೆಯ ಬೈಟ್‌ವರೆಗೆ ನುಂಗಿ, ಲಾಗ್‌ಗೆ ಬರೆದುಕೊಳ್ಳಿ. ಓಎಸ್‌ಸಿ 07ರಿಂದಲೂ ಮುಗಿಯುತ್ತದೆ, ಎಸ್ಕೇಪ್ ಮತ್ತು ಬ್ಯಾಕ್‌ಸ್ಲ್ಯಾಶ್ ಜೋಡಿಯಿಂದಲೂ ಮುಗಿಯುತ್ತದೆ, ಎರಡನ್ನೂ ಒಪ್ಪಿಕೊಳ್ಳಿ.

ಇಷ್ಟಾದ ಮೇಲೆ ಟರ್ಮಿನಲ್‌ಗಳನ್ನು ಪರೀಕ್ಷಿಸುವ 'ವಿಟಿಟೆಸ್ಟ್' ಪ್ರೋಗ್ರಾಂ ಓಡಿಸಿ. ಅದರ ಮೊದಲ ಮೆನುವಿನಲ್ಲೇ ಜಾಸ್ತಿ ಜನ ಎಡವುವುದು ಸಾಲಿನ ಅಂಚಿನಲ್ಲಿ: 80 ಕಾಲಂ ಪರದೆಯಲ್ಲಿ 80ನೇ ಅಕ್ಷರ ಬರೆದ ಕೂಡಲೇ ಕರ್ಸರ್ ಕೆಳಗಿಳಿಯಬಾರದು, 81ನೇದು ಬಂದಾಗ ಮಾತ್ರ ಇಳಿಯಬೇಕು.